ಕೊನೆಯ ಬಸ್ಸಿಗೆ ಮುಂಚಿನ ಆಟ

ಸಿರುಗುಪ್ಪ ಕಡೆಯ ಕಾಲೇಜೊಂದರ ಪ್ರಾಂಶುಪಾಲರು ಮೊನ್ನೆ ಫೋನು ಮಾಡಿದ್ದರು. ಹಳೆಯ ಪರಿಚಯ. ‘ನಮ್ಮ ಹುಡುಗ್ರು ಫುಟ್‌ಬಾಲ್ ಟೀಮು ಕಟ್ಟೇ ಕಟ್ತೀವಿ ಅಂತ ಕುಂತಾರ್ರೀ. ಕೋಚ್ ಯಾರನ್ನ ಕರಕಂಬರಬೇಕು, ಯಾವ ನಮೂನಿ ಆಡಿಸಬೇಕು, ನೀವಾದ್ರೂ ಹೇಳ್ರಿ’ ಎಂದರು. ನಾನು ತಿರುಗಿ ಕೇಳಿದ್ದು ಒಂದೇ: ‘ಹುಡುಗ್ರು ಊರಿಗೆ ಹೋಗೋ ಕೊನೇ ಬಸ್ಸು ಎಷ್ಟೊತ್ತಿಗೈತಿ ಸರ?’

ಅವರು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ನಾನು ತಮಾಷೆ ಮಾಡಿರಲಿಲ್ಲ.

ಬಳ್ಳಾರಿ ನಗರದ ಕಾಲೇಜುಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಹಾಸ್ಟೆಲ್ ಹುಡುಗರಿದ್ದಾರೆ, ಕೌಲ್ ಬಜಾರಿನಿಂದ ಸೈಕಲ್ ತುಳಿದು ಬರುವವರಿದ್ದಾರೆ, ಕತ್ತಲಾದರೂ ಮನೆ ಸೇರುತ್ತಾರೆ. ಸಿರುಗುಪ್ಪ, ಕುರುಗೋಡಿನ ಕಾಲೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುತ್ತಲಿನ ಹಳ್ಳಿಯವರು. ನಾಲ್ಕೂವರೆಗೆ ಕೊನೆಯ ಪಿರಿಯಡ್ಡು ಮುಗಿಯುತ್ತದೆ, ಆರಕ್ಕೆ ಬಸ್ಸು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಬಟ್ಟೆ ಬದಲಿಸುವುದು, ಬಸ್‌ಸ್ಟ್ಯಾಂಡಿಗೆ ಓಡುವುದು ಕಳೆದರೆ ಉಳಿಯುವುದು ಒಂದು ಗಂಟೆ. ವಾರಕ್ಕೆ ನಾಲ್ಕು ದಿನ, ಅಂತರ ಕಾಲೇಜು ಟೂರ್ನಿಗೆ ಮುಂಚೆ ಹತ್ತು ವಾರ: ಒಟ್ಟು 40 ಗಂಟೆ. ಅದರಲ್ಲಿ ಇಂಟರ್ನಲ್ ಪರೀಕ್ಷೆ, ಗಣೇಶ, ದಸರಾ, ಮಳೆ ತೆಗೆಯಿರಿ. ಜುಲೈ-ಆಗಸ್ಟಿನಲ್ಲಿ ಭತ್ತದ ನಾಟಿ, ನವೆಂಬರ್ ಹೊತ್ತಿಗೆ ಕೊಯ್ಲು. ಮನೆಯಲ್ಲಿ ಅಪ್ಪ ಕರೆದರೆ ಯಾವ ಕೋಚಿನ ಸೀಟಿಯೂ ಕೇಳಿಸುವುದಿಲ್ಲ. ಕೊನೆಗೆ ಕೈಗೆ ದಕ್ಕುವುದು 25 ಗಂಟೆ. ವೃತ್ತಿಪರ ಕ್ಲಬ್ಬೊಂದು ಎರಡೂವರೆ ವಾರದಲ್ಲಿ ಮಾಡಿ ಮುಗಿಸುವ ಅಭ್ಯಾಸ ಅಷ್ಟು.

ಯಾವ ಶೈಲಿಯಲ್ಲಿ ಆಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ 25 ಗಂಟೆಯೊಳಗೆ. ಹುಡುಗರು ಹುಡುಕುತ್ತಿರುವುದು ಮೊಬೈಲಿನಲ್ಲಿ. ನಡುರಾತ್ರಿ ಎದ್ದು ಚಾಂಪಿಯನ್ಸ್ ಲೀಗ್ ನೋಡುತ್ತಾರೆ, ಬೆಳಿಗ್ಗೆ ಬಂದು ‘ಸರ, ನಾವೂ ಮ್ಯಾಂಚೆಸ್ಟರ್ ಸಿಟಿ ಥರ ಆಡಾಣ’ ಅನ್ನುತ್ತಾರೆ. ಆಸೆ ತಪ್ಪಲ್ಲ. ಆ ಆಟಕ್ಕೆ ಏನೇನು ಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ಫುಟ್‌ಬಾಲ್ ಹೆಚ್ಚು ನೋಡದವರಿಗಾಗಿ ಎರಡು ಮಾತು. 4-4-2, 4-3-3 ಎಂದೆಲ್ಲ ಹೇಳುವುದು ಆಟಗಾರರು ನಿಲ್ಲುವ ಸಾಲುಗಳ ಲೆಕ್ಕ. ಗೋಲ್‌ಕೀಪರನನ್ನು ಬಿಟ್ಟು ಹಿಂದಿನಿಂದ ಎಣಿಸುತ್ತಾರೆ: ಹಿಂದೆ ಕಾಯುವವರು ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಆದರೆ ಈ ಅಂಕಿ ಬರೀ ಆಸನವ್ಯವಸ್ಥೆ, ಊಟ ಅಲ್ಲ. ಶೈಲಿ ಅನ್ನುವುದು ಬೇರೆ. ಚೆಂಡು ಸಿಕ್ಕಾಗ ಏನು ಮಾಡುತ್ತೀರಿ, ಕಳೆದುಕೊಂಡಾಗ ಏನು ಮಾಡುತ್ತೀರಿ ಅನ್ನುವುದು ಶೈಲಿ. ಸಿಕ್ಕಾಗ ಸಣ್ಣ ಸಣ್ಣ ಪಾಸುಗಳಲ್ಲಿ ಚೆಂಡನ್ನು ನಮ್ಮಲ್ಲೇ ಇಟ್ಟುಕೊಂಡು ಎದುರಾಳಿಯನ್ನು ಓಡಾಡಿಸಿ ಸುಸ್ತು ಮಾಡಬಹುದು. ಇಲ್ಲವೇ ಎರಡೇ ಪಾಸಿನಲ್ಲಿ ಮುಂದಕ್ಕೆ ಕಳಿಸಿ, ಕಾಲಲ್ಲಿ ವೇಗ ಇರುವವನನ್ನು ಅದರ ಹಿಂದೆ ಬಿಡಬಹುದು. ಕಳೆದುಕೊಂಡಾಗ ಅಲ್ಲೇ ಮುತ್ತಿಕೊಂಡು ಕಿತ್ತುಕೊಳ್ಳಬಹುದು. ಇಲ್ಲವೇ ಹಿಂದಕ್ಕೆ ಸರಿದು, ಒತ್ತಾಗಿ ನಿಂತು, ಬರುವವರನ್ನು ಕಾಯಬಹುದು.

ಮುತ್ತಿಕೊಳ್ಳುವ ಆಟಕ್ಕೆ ಪ್ರೆಸ್ಸಿಂಗ್ ಅನ್ನುತ್ತಾರೆ. ನೋಡಲು ರೋಮಾಂಚನ, ಕಲಿಸಲು ತಲೆನೋವು. ಕುರುಗೋಡಿನ ದೊಡ್ಡ ಬಸವೇಶ್ವರನ ತೇರು ಎಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಿಣಿ ಹಿಡಿದವರೆಲ್ಲ ಒಂದೇ ಉಸಿರಿಗೆ ಜಗ್ಗಬೇಕು. ನಾಲ್ಕು ಜನ ಜಗ್ಗಿ, ಉಳಿದವರು ಮುಂದಿನ ಕೂಗಿಗೆ ಕಾದರೆ ತೇರು ಓರೆಯಾಗುತ್ತದೆ. ಪ್ರೆಸ್ಸಿಂಗಿನಲ್ಲೂ ಇಬ್ಬರು ಮುನ್ನುಗ್ಗಿ ಮೂರನೆಯವನು ಅನುಮಾನಿಸಿ ನಿಂತರೆ, ಎದುರಾಳಿ ಆ ಸಂದಿಯಲ್ಲಿ ಒಂದು ಪಾಸು ಹಾಕಿ ನೇರ ಗೋಲಿನ ಮುಂದೆ ನಿಲ್ಲುತ್ತಾನೆ. ಹನ್ನೊಂದು ಜನರ ಕಾಲು ಒಂದೇ ಕ್ಷಣಕ್ಕೆ ಕದಲುವಂತೆ ಮಾಡಲು ತಿಂಗಳುಗಟ್ಟಲೆ ದಿನವೂ ಅದೇ ಅಭ್ಯಾಸ ಬೇಕು. ನಮ್ಮ ಹತ್ತಿರ ಇರುವುದು 25 ಗಂಟೆ. ಜೊತೆಗೆ ಬಳ್ಳಾರಿಯ ಬಿಸಿಲು. ಬಿಸಿಲು ಮತ್ತು ತೇವ ಎರಡನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಗ್ಲೋಬ್ ಸೂಚ್ಯಂಕ 32 ಡಿಗ್ರಿ ದಾಟಿದರೆ ಆಟದ ನಡುವೆ ನೀರಿನ ವಿರಾಮ ಕೊಡಬೇಕೆಂದು ಫಿಫಾ ಹೇಳುತ್ತದೆ. ಕಾಲೇಜು ಟೂರ್ನಿಯಲ್ಲಿ ಮೊದಲ ಪಂದ್ಯ ಮುಗಿಸಿ ಮರುದಿನವೇ, ಕೆಲವೊಮ್ಮೆ ಅದೇ ದಿನ, ಇನ್ನೊಂದು ಪಂದ್ಯಕ್ಕೆ ಇಳಿಯಬೇಕು. ಮೊದಲ ಪಂದ್ಯದಲ್ಲಿ ತೇರೆಳೆದು ಗೆದ್ದವರು ಎರಡನೆಯದರಲ್ಲಿ ಕಾಲು ಹಿಡಿದುಕೊಂಡು ಕೂತದ್ದನ್ನು ನಾನೇ ನೋಡಿದ್ದೇನೆ.

ಸಣ್ಣ ಪಾಸಿನ ಆಟಕ್ಕೆ ಬೇರೆ ತೊಡಕು. ಅದಕ್ಕೆ ನೆಲ ಬೇಕು. ಸಿರುಗುಪ್ಪದ ಎರೆಮಣ್ಣು ಮಳೆಗೆ ಬೂಟಿಗೆ ಅಂಟಿ ಕಾಲು ಎರಡು ಕೇಜಿ ಆಗುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಕೆಂಪು ಗರಸಿನ ಮೈದಾನದಲ್ಲಿ ಚೆಂಡು ಮೊಣಕಾಲೆತ್ತರಕ್ಕೆ ಪುಟಿಯುತ್ತದೆ. ಹುಲ್ಲಿನ ಮೇಲೆ ಒಂದೇ ಸ್ಪರ್ಶಕ್ಕೆ ನಿಲ್ಲುವ ಚೆಂಡು ಇಲ್ಲಿ ಮೂರು ಸ್ಪರ್ಶ ಕೇಳುತ್ತದೆ. ಆ ಎರಡು ಹೆಚ್ಚಿನ ಸ್ಪರ್ಶದಲ್ಲಿ ಎದುರಾಳಿ ಬಂದು ಮುಟ್ಟುತ್ತಾನೆ. ಹಿಂದಿನ ಸಾಲಿನಿಂದಲೇ ಪಾಸು ಕಟ್ಟುತ್ತ ಬರುತ್ತೇವೆ ಅಂದವರು ತಮ್ಮದೇ ಗೋಲಿನ ಮುಂದೆ ಚೆಂಡು ಒಪ್ಪಿಸಿ ಬರುತ್ತಾರೆ.

ಹಾಗಾದರೆ ದೊಡ್ಡವರು ಹೇಗೆ ಆರಿಸುತ್ತಾರೆ? ಉದಾಹರಣೆಗೆ ದೂರ ಹೋಗಬೇಕಿಲ್ಲ. ಬಳ್ಳಾರಿಯಿಂದ ಹೊಸಪೇಟೆ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ತೋರಣಗಲ್ಲು, ಅದರ ಪಕ್ಕ ಜಿಂದಾಲ್ ಉಕ್ಕಿನ ಕಾರ್ಖಾನೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬು ಅದೇ ಜಿಂದಾಲ್ ಸಮೂಹದ್ದು. ಕ್ಲಬ್ಬಿನ ವಸತಿ ಅಕಾಡೆಮಿ ಶುರುವಾದದ್ದು, ಇನ್‌ಸ್ಪೈರ್ ಕ್ರೀಡಾ ಸಂಸ್ಥೆ 2018ರಲ್ಲಿ ತಲೆಯೆತ್ತಿದ್ದು ಇದೇ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್ಪಿನಲ್ಲಿ. ನಮ್ಮ ಜಿಲ್ಲೆಯ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅದಿರಿನ ಲಾರಿ ಎಣಿಸುವುದರಲ್ಲೇ ನಮ್ಮ ಕಾಲ ಕಳೆದಿದೆ.

2013ರಲ್ಲಿ ಹುಟ್ಟಿದ ಆ ಕ್ಲಬ್ಬಿನ ಮೊದಲ ಕೋಚ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಶಿಸ್ತು, ದೇಹಶಕ್ತಿ, ಸೋಲೊಪ್ಪದ ಗಟ್ಟಿ ಆಟ. ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದರು, 2015-16ರಲ್ಲಿ ಮತ್ತೆ. ಅವರು ಹೋದ ಮೇಲೆ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಕೋಚ್ ಫ್ರಾಂಕ್ ರೈಕಾರ್ಡ್ ಬಳಗದಲ್ಲಿ ಪಳಗಿದವರು. ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳುವ ಆಟಕ್ಕೆ ತಂಡವನ್ನು ತಿರುಗಿಸಿದರು. 2016ರಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು, ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. 2018ರಲ್ಲಿ ರೋಕಾ ಹೊರಟಾಗ ಕ್ಲಬ್ಬಿನವರು ಮಾಡಿದ ಕೆಲಸ ಗಮನಿಸಬೇಕು. ಹೊಸ ದೊಡ್ಡ ಹೆಸರಿಗೆ ಕೈಹಾಕದೆ, ರೋಕಾಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಕೂರಿಸಿದರು. ಆಟದ ಭಾಷೆ ಬದಲಾಗಲಿಲ್ಲ. ಮರುವರ್ಷವೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಬಂತು. 2021ರ ಜನವರಿಯಲ್ಲಿ ಕ್ವಾದ್ರಾತ್ ಹೊರಟ ಮೇಲೆ ಜರ್ಮನಿಯವರು, ಆಮೇಲೆ ಇಂಗ್ಲೆಂಡಿನವರು, ಮತ್ತೆ ಸ್ಪೇನಿನವರು. ನಡುವೆ 2022ರ ಡ್ಯುರಾಂಡ್ ಕಪ್ ಬಂತು, ನಿಜ. 2023-24ರ ಐಎಸ್‌ಎಲ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನವೂ ಬಂತು. ಸೋಲಿಗೆ ನೂರು ಕಾರಣ ಇರುತ್ತದೆ. ಆದರೂ ಕೋಚ್ ಬದಲಾದಾಗಲೆಲ್ಲ ಆಟಗಾರರು ಹೊಸ ವ್ಯಾಕರಣ ಕಲಿಯಬೇಕಾಗಿ ಬಂದದ್ದೂ ಒಂದು ಅಂತ ನನ್ನ ಅನಿಸಿಕೆ.

ಹಣವಿರುವ ಕ್ಲಬ್ಬು ಇದನ್ನು ತಾಳಿಕೊಳ್ಳುತ್ತದೆ. ಕಾಲೇಜಿಗೆ ಆಗುವುದಿಲ್ಲ. ಮೂರು ವರ್ಷದ ಪದವಿ ಅಂದರೆ ಪ್ರತಿವರ್ಷ ತಂಡದ ಮೂರನೆಯ ಒಂದು ಪಾಲು ಹೊರಟುಹೋಗುತ್ತದೆ. ಕೋಚ್ ಇದ್ದರೂ ಆಟಗಾರ ಇರುವುದಿಲ್ಲ. ಅಲ್ಲಿ ಕೋಚ್ ಕೂಡ ವರ್ಷಕ್ಕೊಬ್ಬ ಅಂದರೆ ತಂಡ ಅನ್ನುವ ಪದಕ್ಕೇ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಕಾಲೇಜಿನ ಶೈಲಿ ಎರಡನೆಯ ವರ್ಷದ ಹುಡುಗ ಮೊದಲ ವರ್ಷದವನಿಗೆ ಕ್ಯಾಂಟೀನಿನ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ ಇಟ್ಟು ಹೇಳಿಕೊಡುವಷ್ಟು ಸರಳವಾಗಿರಬೇಕು. ಅಷ್ಟು ಸರಳ ಇಲ್ಲದ ಶೈಲಿ ಕೋಚಿನ ಡೈರಿಯಲ್ಲೇ ಉಳಿಯುತ್ತದೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರಿನ ಹುಡುಗರಿಗೆ ಹೊಂದುವುದು, ನನ್ನ ಮಟ್ಟಿಗೆ, ಒತ್ತಾದ 4-4-2. ಚೆಂಡು ಇಲ್ಲದಾಗ ನಾಲ್ವರ ಎರಡು ಸಾಲು, ನಡುವೆ ಹತ್ತು ಹದಿನೈದು ಹೆಜ್ಜೆ ಅಂತರ, ಅದಕ್ಕಿಂತ ಹೆಚ್ಚಿಲ್ಲ. ಸಿಕ್ಕಾಗ ನಡುವೆ ತೊಡರಿಕೊಳ್ಳದೆ ಅಂಚಿಗೆ, ಅಂಚಿನಿಂದ ಗೋಲಿನ ಮುಂದಕ್ಕೆ. ಹಳೇ ಕಾಲದ ಆಟ ಅಂತ ಹುಡುಗರು ಮೂಗು ಮುರಿಯುತ್ತಾರೆ. 2015-16ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಇದೇ 4-4-2 ಆಡಿ, ಹೆಚ್ಚಿನ ಪಂದ್ಯಗಳಲ್ಲಿ ಚೆಂಡನ್ನು ಎದುರಾಳಿಗೇ ಬಿಟ್ಟುಕೊಟ್ಟು, ಪ್ರೀಮಿಯರ್ ಲೀಗ್ ಗೆದ್ದಿತು. ಋತುವಿನ ಆರಂಭದಲ್ಲಿ ಬಾಜಿ ಕಟ್ಟುವವರು ಅವರಿಗೆ ಕೊಟ್ಟಿದ್ದ ದರ ಒಂದಕ್ಕೆ ಐದು ಸಾವಿರ. ಇದನ್ನು ಹೇಳಿದರೆ ಹುಡುಗರು ಸ್ವಲ್ಪ ಸುಮ್ಮನಾಗುತ್ತಾರೆ.

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಫುಟ್‌ಬಾಲ್ ಆಡಿ ಬೆಳೆದವರು ಕಡಿಮೆ. ಕಬಡ್ಡಿ, ಖೊಖೊ, ವಾಲಿಬಾಲ್ ಆಡಿ ಬೆಳೆದವರು ತುಂಬ. ಹಳ್ಳಿಯ ಕಬಡ್ಡಿ ಕ್ಯಾಚರ್ ಎದುರಿಗೆ ಬರುವವನ ಕಣ್ಣು ನೋಡುವುದಿಲ್ಲ, ಸೊಂಟ ಮತ್ತು ಕಾಲು ನೋಡುತ್ತಾನೆ. ಒಳ್ಳೆಯ ಡಿಫೆಂಡರ್ ಮಾಡಬೇಕಾದದ್ದು ಅದನ್ನೇ. ಸಾಲು ಕಟ್ಟಿ ನಿಂತು, ಪಕ್ಕದವನು ಸರಿದಂತೆ ತಾನೂ ಸರಿಯುವುದು ಅವನಿಗೆ ಎಂಟನೇ ಕ್ಲಾಸಿನಿಂದ ರಕ್ತಗತ. ಒಂದೇ ಕೆಟ್ಟ ಚಾಳಿ ಬಿಡಿಸಬೇಕು: ಕೈ. ದಾಟಿ ಹೋಗುವವನ ಅಂಗಿಗೆ ಕೈ ತಾನಾಗಿಯೇ ಹೋಗುತ್ತದೆ, ರೆಫರಿ ಸೀಟಿ ಊದುತ್ತಾನೆ. ಮೊದಲ ಎರಡು ವಾರ ಎರಡೂ ಕೈಯಲ್ಲಿ ಒಂದೊಂದು ಟೆನಿಸ್ ಚೆಂಡು ಹಿಡಿಸಿ ಆಡಿಸಿದರೆ ಚಾಳಿ ಕಡಿಮೆಯಾಗುತ್ತದೆ. ವಾಲಿಬಾಲ್ ಬ್ಲಾಕರನಿಗೆ ಜಿಗಿಯುವ ಗಳಿಗೆ ಗೊತ್ತು, ಹೆಡ್ಡರಿಗೆ ಅವನೇ. ಖೊಖೊ ಹುಡುಗನನ್ನು ಅಂಚಿಗೆ ಬಿಡಿ. ಹೀಗೆ ಬಂದ ಮಕ್ಕಳನ್ನು ನೋಡಿ ಶೈಲಿ ಕಟ್ಟುವುದು ಜಾಣತನ. ಶೈಲಿ ಮೊದಲೇ ತೀರ್ಮಾನಿಸಿ ಅದಕ್ಕೆ ಮಕ್ಕಳನ್ನು ಹುಡುಕುವುದು, ಕೊಂಡುಕೊಳ್ಳುವ ಶಕ್ತಿ ಇರುವವರ ಕೆಲಸ.

ನಮ್ಮ ಕಡೆ ಬಯಲಾಟ ಕಲಿಸಲು ಬರುತ್ತಿದ್ದ ಮಾಸ್ತರರು ಮಾಡುತ್ತಿದ್ದದ್ದೂ ಇದೇ. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು, ಮೊದಲು ಎಲ್ಲರ ದನಿ ಕೇಳುತ್ತಿದ್ದರು, ಆಳು ನೋಡುತ್ತಿದ್ದರು, ಆಮೇಲೆ ಇವನಿಗೆ ಭೀಮ, ಅವನಿಗೆ ಸಾರಥಿ ಅಂತ ಪಾತ್ರ ಹಂಚುತ್ತಿದ್ದರು. ಹಗಲೆಲ್ಲ ಹೊಲದಲ್ಲಿ ದುಡಿದವರಿಗೆ ರಾತ್ರಿ ಕಲಿಸಬೇಕು, ಅಕ್ಷರ ಬಾರದವನಿಗೆ ಬಾಯಿಪಾಠ ಮಾಡಿಸಬೇಕು. ಕಾಲೇಜಿಗೆ ಬೇಕಾದ ಕೋಚ್ ಈ ಜಾತಿಯವನು.

ಭಾರತದ ಅತಿದೊಡ್ಡ ಫುಟ್‌ಬಾಲ್ ಕೋಚ್ ಕೂಡ ಮಾಸ್ತರರೇ ಆಗಿದ್ದರು. ‘ಮೈದಾನ್’ ಸಿನಿಮಾ ನೋಡಿದವರಿಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಹೆಸರು ಗೊತ್ತಿರುತ್ತದೆ. ಶಾಲಾ ಶಿಕ್ಷಕ. ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳಿಗೆ ಆಟ ಕಲಿಸುತ್ತಿದ್ದವರು. ಅವರ ಕೈಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ರೋವರ್ಸ್ ಕಪ್ ಗೆದ್ದಿತು. ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದೂ ಅವರ ಕಾಲದಲ್ಲೇ. ನನಗೆ ಈ ಪದಕಗಳಿಗಿಂತ ಹಿಡಿಸುವುದು ಅವರು ಏರ್ಪಡಿಸುತ್ತಿದ್ದ ವಿಚಿತ್ರ ಟೂರ್ನಿಗಳು. ಒಂದರಲ್ಲಿ ಯಾರೂ ಡ್ರಿಬಲ್ ಮಾಡುವಂತಿಲ್ಲ, ಸಿಕ್ಕ ಚೆಂಡನ್ನು ಪಾಸು ಮಾಡಲೇಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಲ್ಲೇ ಒದೆಯಬೇಕು. ಉಪದೇಶ ಇಲ್ಲ, ಬೋರ್ಡಿನ ಮೇಲೆ ಬಾಣದ ಗುರುತುಗಳಿಲ್ಲ. ನಿಯಮವೇ ಪಾಠ ಹೇಳುತ್ತದೆ. ಒಂದೇ ಗಂಟೆ ಸಮಯವಿರುವ ಕಾಲೇಜಿಗೆ ಇದಕ್ಕಿಂತ ಅಗ್ಗದ ವಿದ್ಯೆ ಬೇರೊಂದಿಲ್ಲ.

1962ರ ಏಷ್ಯನ್ ಗೇಮ್ಸಿನ ಜಕಾರ್ತಾ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಲಾಗಿತ್ತು. ಹಿಂದಿನ ಸಾಲಿನಲ್ಲಿ ನಿಲ್ಲಿಸುವುದು ಅಪಾಯ. ರಹೀಮ್ ಆದರೂ ಜರ್ನೈಲ್ ಅವರನ್ನು ಹೊರಗೆ ಕೂರಿಸಲಿಲ್ಲ, ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಜರ್ನೈಲ್ ಸೆಮಿಫೈನಲ್ಲಿನಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ ಫೈನಲ್ಲಿನಲ್ಲೂ ಹೊಡೆದರು. ಶೈಲಿಗಿಂತ ಆಳು ಮುಖ್ಯ ಅನ್ನುವವರು ಈ ಕಥೆ ಹೇಳುತ್ತಾರೆ. ಆಳನ್ನು ಅಷ್ಟು ಚೆನ್ನಾಗಿ ಬಲ್ಲ ಕೋಚ್ ಮುಖ್ಯ ಅಂತ ನಾನು ಓದಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುವವನಿಗೆ ಅದು ಸಾಧ್ಯವಿಲ್ಲ.

ಈಗ ಕೋಚ್ ವಿಚಾರ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಅಲ್ಲಿಯ ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಮೇಲಿರುವುದು ರಾಜ್ಯಪಾಲರಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್! ನಮ್ಮಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಬಿದ್ದಿರುವ ಕಾಲೇಜುಗಳಲ್ಲಿ ಗ್ರಂಥಪಾಲಕರೋ ಇತಿಹಾಸದ ಅತಿಥಿ ಉಪನ್ಯಾಸಕರೋ ಸೀಟಿ ಹಿಡಿದು ನಿಲ್ಲುತ್ತಾರೆ. ಹುದ್ದೆ ತುಂಬಿರುವ ಕಡೆ ಆ ನಿರ್ದೇಶಕರೇ ಕಬಡ್ಡಿ, ಅಥ್ಲೆಟಿಕ್ಸ್, ಯೋಗ ದಿನಾಚರಣೆ, ಸ್ವಾತಂತ್ರ್ಯೋತ್ಸವದ ಪರೇಡು ಎಲ್ಲವನ್ನೂ ನೋಡಬೇಕು. ಇಂಥವರ ಮೇಲೆ ಹೊರಗಿನಿಂದ ಒಬ್ಬ ‘ಕೋಚ್ ಸಾಹೇಬ’ನನ್ನು ತಂದು ಕೂರಿಸಿದರೆ ಇಬ್ಬರಿಗೂ ಮುಖ ಕೊಡಲು ಆಗುವುದಿಲ್ಲ.

ಕಾಲೇಜು ಹೊರಗಿನವರನ್ನು ಹುಡುಕುವ ಮೊದಲು ಒಳಗಿನವರನ್ನು ಕಲಿಯಲು ಕಳಿಸುವುದು ಮೇಲು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಕೋರ್ಸು ಕೆಲವೇ ದಿನಗಳದ್ದು. ಅದರ ಮೇಲೆ ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳಿವೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಸರ್ಟಿಫಿಕೇಟ್ ಕೋರ್ಸು ಇದೆ. ಬೇಸಿಗೆ ರಜೆಯಲ್ಲಿ ನಿರ್ದೇಶಕರನ್ನೋ, ಆಟದ ಹುಚ್ಚಿರುವ ಹಳೇ ವಿದ್ಯಾರ್ಥಿಯನ್ನೋ ಕಳಿಸಿದರೆ ಖರ್ಚು ಒಂದು ಜೊತೆ ಗೋಲ್‌ಪೋಸ್ಟಿಗಿಂತ ಬಹಳ ಹೆಚ್ಚಾಗದು. ಲೈಸೆನ್ಸ್ ಇದ್ದವರೆಲ್ಲ ಕಲಿಸಬಲ್ಲರು ಅಂತಲ್ಲ. ಆದರೆ ನೆತ್ತಿ ಸುಡುವ ಬಿಸಿಲಲ್ಲಿ ಮೈದಾನದ ಸುತ್ತ ಹತ್ತು ರೌಂಡು ಓಡಿಸುವುದೇ ತರಬೇತಿ ಅನ್ನುವ ನಂಬಿಕೆಯಾದರೂ ಅಲ್ಲಿ ಕಳಚುತ್ತದೆ.

ಹೊರಗಿನಿಂದಲೇ ತರುವುದಾದರೆ ಸಂದರ್ಶನದಲ್ಲಿ ಕಪ್ಪುಗಳ ಪಟ್ಟಿ ಕೇಳಬೇಡಿ. ‘ನಾಳೆ ಸಂಜೆ ಹದಿನೆಂಟು ಹುಡುಗರು, ಮೂರು ಚೆಂಡು, ಐವತ್ತು ನಿಮಿಷ. ಏನು ಮಾಡಿಸುತ್ತೀರಿ?’ ಎಂದು ಕೇಳಿ, ಹೇಳಿಸಬೇಡಿ, ಮೈದಾನಕ್ಕೆ ಕರೆದುಕೊಂಡು ಹೋಗಿ ಮಾಡಿಸಿ. ಐವತ್ತು ನಿಮಿಷದಲ್ಲಿ ಒಬ್ಬೊಬ್ಬ ಹುಡುಗ ಎಷ್ಟು ಸಲ ಚೆಂಡು ಮುಟ್ಟಿದ ಎಂದು ಯಾರಾದರೂ ಎಣಿಸಲಿ. ಸಾಲಿನಲ್ಲಿ ನಿಂತು ತನ್ನ ಸರದಿ ಕಾಯುತ್ತಿರುವವರೇ ಹೆಚ್ಚಿದ್ದರೆ ಆ ಕೋಚಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಅಭ್ಯಾಸದ ಸಮಯ ಕಡಿಮೆ ಇರುವವರು ಒಂದು ವಿಷಯಕ್ಕೆ ಹೆಚ್ಚು ಕೊಡಬೇಕು: ನಿಂತ ಚೆಂಡಿಗೆ. ಕಾರ್ನರ್, ಫ್ರೀಕಿಕ್, ಉದ್ದ ಥ್ರೋ. ಇವಕ್ಕೆ ಒಳ್ಳೆಯ ನೆಲ ಬೇಡ, ಹನ್ನೊಂದು ಜನರ ಒಂದೇ ಉಸಿರು ಬೇಡ. ಒಬ್ಬ ಸರಿಯಾಗಿ ಒದೆಯುವವನು, ಇಬ್ಬರು ಜಿಗಿಯುವವರು, ದಿನಕ್ಕೆ ಹದಿನೈದು ನಿಮಿಷ ಸಾಕು. ಬೆಂಗಳೂರು ಎಫ್‌ಸಿಯ ಆ 2018-19ರ ಐಎಸ್‌ಎಲ್ ಫೈನಲ್ ನೆನಪಿಸಿಕೊಳ್ಳಿ. ಪಾಸಿನ ಆಟಕ್ಕೆ ಹೆಸರಾದ ತಂಡ, ಎದುರಿಗೆ ಅಷ್ಟೇ ಹೆಸರಾದ ಗೋವಾ. 116 ನಿಮಿಷ ಗೋಲಿಲ್ಲ. 117ನೆಯ ನಿಮಿಷಕ್ಕೆ ದಿಮಾಸ್ ದೆಲ್ಗಾದೋ ಕಾರ್ನರ್ ಒದ್ದರು, ಡಿಫೆಂಡರ್ ರಾಹುಲ್ ಭೇಕೆ ತಲೆ ಕೊಟ್ಟರು, ಕಪ್ ತೀರ್ಮಾನವಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ರಾಜ್ಯವೆಂಬ ಹೆಸರಿದ್ದ 1968-69ರ ನಂತರ ಮೊದಲ ಸಲ ಸಂತೋಷ್ ಟ್ರೋಫಿ ಎತ್ತಿತಲ್ಲ, ಅಲ್ಲಿಯೂ ಮೂರನೆಯ ಗೋಲು ರಾಬಿನ್ ಯಾದವ್ ಒದ್ದ ಫ್ರೀಕಿಕ್. 54 ವರ್ಷದ ಕಾಯುವಿಕೆಗೆ ಕೊನೆ ಹಾಡಿದ ಗೋಲು ನಿಂತ ಚೆಂಡಿನದು.

ಹೆಣ್ಣುಮಕ್ಕಳ ತಂಡದ ಬಗ್ಗೆ ಪ್ರಾಂಶುಪಾಲರು ಕೇಳಲಿಲ್ಲ, ನಾನೇ ಹೇಳಿದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ ಚಾರ್ಜಿಲ್ಲ. ಆದರೆ ಆಟಕ್ಕೆ ಅಡ್ಡಿಯಾಗಿರುವುದು ಚಾರ್ಜಲ್ಲ, ಹೊತ್ತು. ಆರು ಗಂಟೆಯ ಬಸ್ಸು ತಪ್ಪಿದರೆ ಹುಡುಗ ಯಾರದೋ ಬೈಕ್ ಹತ್ತಿ ಹೋಗುತ್ತಾನೆ. ಹುಡುಗಿಗೆ ಮರುದಿನದಿಂದ ಆಟವೇ ಬಂದ್. ಅವರ ಅಭ್ಯಾಸ ಸಂಜೆ ಇಡಲೇಬಾರದು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಎಂಟರಿಂದ ಒಂಬತ್ತು ಆಡಲಿ, ಬಟ್ಟೆ ಬದಲಿಸಲು ಬಾಗಿಲಿಗೆ ಚಿಲಕ ಇರುವ ಒಂದು ಕೋಣೆ ಕೊಡಿ. ಕೋಚ್ ಆರಿಸುವಾಗ ಇದನ್ನೂ ಕೇಳಿ: ಬೆಳಿಗ್ಗೆ ಎಂಟಕ್ಕೆ ನೀವು ಮೈದಾನದಲ್ಲಿ ಇರುತ್ತೀರಾ? ಬಳ್ಳಾರಿಯಿಂದ ಸಿರುಗುಪ್ಪಕ್ಕೆ 60 ಕಿ.ಮೀ. ಆಸುಪಾಸು. ಬಳ್ಳಾರಿಯಲ್ಲಿ ಮನೆ ಮಾಡಿರುವವನು ಒಂದು ವಾರ ಬರುತ್ತಾನೆ, ಎರಡನೆಯ ವಾರ ಫೋನು ಸ್ವಿಚ್ ಆಫ್.

ಇಷ್ಟನ್ನೂ ಪ್ರಾಂಶುಪಾಲರು ತಾಳ್ಮೆಯಿಂದ ಕೇಳಿಸಿಕೊಂಡರು. ‘ಅಂದ್ರ ಮೊದ್ಲು ಏನ್ ಮಾಡ್ಲಿ ಹೇಳ್ರಿ’ ಎಂದರು. ಸಾರಿಗೆ ಡಿಪೋಗೆ ಒಂದು ಅರ್ಜಿ ಬರೆಯಿರಿ, ವಾರಕ್ಕೆ ನಾಲ್ಕು ದಿನ ಆ ಆರು ಗಂಟೆಯ ಬಸ್ಸನ್ನು ಅರ್ಧ ಗಂಟೆ ತಡವಾಗಿ ಬಿಡಲಿ, ವಿದ್ಯಾರ್ಥಿಗಳ ಪಟ್ಟಿ ಲಗತ್ತಿಸಿ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಕೋಚ್ ಹುಡುಕಾದು ಸಲೀಸಿತ್ತಲ್ರೀ ಇದಕ್ಕಿಂತ’ ಎಂದು ಗೊಣಗುತ್ತ, ಕನ್ನಡ ಅಧ್ಯಾಪಕರನ್ನು ಕೂಗಿ ಕರೆದದ್ದು ಫೋನಿನಲ್ಲಿ ಕೇಳಿಸಿತು.